ಸೊನ್ನೆಗೆ ಕೆಳಗಿನ ಗೆರೆ

ಮಾರ್ಚ್ ೪, ಬುಧವಾರ

ಹನ್ನೊಂದು ಜನ ಬಂದರು, ಹನ್ನೊಂದು ಜನರನ್ನೂ ಒಂದೇ ಕೈಯಲ್ಲಿ ಮಲಗಿಸಿದೆ, ಇನ್ನೊಂದು ಕೈಯಲ್ಲಿದ್ದ ಲೋಟದಿಂದ ಒಂದು ಹನಿ ಟೀ ಚೆಲ್ಲಲಿಲ್ಲ. ಅಂಥ ಕೈ ನನ್ನದು. ಈ ಗಣಿಯ ಬಾವಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಳುಗಳ ಕೇಜು ಇಳಿಸುತ್ತಿರುವುದೂ ಎತ್ತುತ್ತಿರುವುದೂ ಅದೇ ಕೈ. ಕೇಜಿನ ತಳಕ್ಕೆ ಕೋಳಿಮೊಟ್ಟೆ ಇಟ್ಟು, ಒಡೆಯದಂತೆ ತಂದು ನಿಲ್ಲಿಸಿ ತೋರಿಸಿದವನು ನಾನು. ಬೇಯಿಸಿದ ಮೊಟ್ಟೆ ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ. ಬೇಯಿಸಿದರೂ ಮೊಟ್ಟೆ ಮೊಟ್ಟೆಯೇ.

ಇದನ್ನು ಮೊದಲೇ ಬರೆದಿಡುತ್ತಿದ್ದೇನೆ, ಯಾಕೆಂದರೆ ಇಂಥ ಕೈ ನಿನ್ನೆ ಬ್ರೇಕು ಹಿಡಿಯಲು ತಡಮಾಡಿತು ಎಂದು ನಾಳೆ ಯಾರಾದರೂ ನಾಲಗೆ ಹರಿಬಿಡಬಹುದು. ಈ ಪುಸ್ತಕ ಅಕ್ಕನ ಮಗಳು ಪುಟ್ಟಿಯದು. ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರದ ಪ್ರಾಕ್ಟಿಕಲ್ ಪುಸ್ತಕವಂತೆ, ಒಂದು ಪುಟ ಗೆರೆ, ಒಂದು ಪುಟ ಚೌಕ. ಏಳನೇ ಕ್ಲಾಸನ್ನು ಮೂರು ವರ್ಷ ಓದಿ ಗಟ್ಟಿ ಮಾಡಿಕೊಂಡ ನನಗೆ ಗೆರೆಯಾದರೇನು, ಚೌಕವಾದರೇನು.

ನಡೆದದ್ದು ಇಷ್ಟು. ನಿನ್ನೆ ಬೆಳಗಿನ ಪಾಳಿ. ಕೇಜಿನಲ್ಲಿ ಆರು ಜನ, ಅದರಲ್ಲೊಬ್ಬರು ನನ್ನ ಭಾವ, ಪುಟ್ಟಿಯ ಅಪ್ಪ. ಇಳಿಸುವಾಗ ಮೋಟರಿನ ಹಂಗಿಲ್ಲ. ಕೇಜು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಡ್ರಮ್ಮಿನ ಮೇಲಿಂದ ರೋಪು ಬಿಚ್ಚಿಕೊಳ್ಳುತ್ತದೆ. ನಾನು ಬ್ರೇಕಿನ ಹಿಡಿಯನ್ನು ಎಷ್ಟು ಒತ್ತುತ್ತೇನೋ ಅಷ್ಟು ನಿಧಾನ. ಹಿಡಿಯನ್ನು ಗುರುತಿನ ಹತ್ತಿರ ತಂದು, ಸಂದಿಗೆ ಒಂದು ಮರದ ಬೆಣೆ ತೂರಿಸಿಬಿಟ್ಟರೆ ಕೇಜು ಒಂದೇ ಸಮನೆ ಇಳಿಯುತ್ತಿರುತ್ತದೆ, ಕೈಗಳೆರಡೂ ಖಾಲಿ. ಬೆಣೆ ಹಾಕಬಾರದು ಎಂದು ರೂಲಿದೆ. ಹಾಕದ ಆಪರೇಟರ್ ಇನ್ನೂ ಹುಟ್ಟಿಲ್ಲ.

ಲ್ಯಾಂಪ್ ರೂಮಿನ ಕೊಕ್ಕರೆ ನನ್ನ ಕ್ಯಾಬಿನ್ನಿಗೆ ಬಂದಿದ್ದ. ಕತ್ತು ಉದ್ದ, ಬುದ್ಧಿ ಗಿಡ್ಡ. ಅವನಿಗೆ ಆ ಹನ್ನೊಂದು ಜನರ ಹೊಡೆದಾಟದ ಕಥೆ ಹೇಳುತ್ತಿದ್ದೆ. ಬೆಣೆ ಹಾರಿತು. ಹಿಡಿ ಸಡಿಲವಾಯಿತು. ಡ್ರಮ್ಮು ಊಳಿಟ್ಟಿತು. ನಾನು ಅರ್ಧ ಸೆಕೆಂಡಿನಲ್ಲಿ ಹಿಡಿಗೆ ನೇತುಬಿದ್ದೆ. ಆದರೂ ಕೇಜು ಹೋಗಿ ತಳಕ್ಕೆ ಬಡಿಯಿತು.

ಆಮೇಲೆ ಬಾವಿಯ ಒಳಗಿಂದ ಸದ್ದು ಬಂತು. ಕಬ್ಬಿಣದ ಸದ್ದು ಮೊದಲು, ಮನುಷ್ಯರ ಸದ್ದು ಆಮೇಲೆ. ನಡುವೆ ಒಂದು ಗಳಿಗೆ ಏನೂ ಇರಲಿಲ್ಲ. ಆ ಗಳಿಗೆಯ ವಿಷಯ ಬರೆಯುವುದಿಲ್ಲ.

ಮೇಲೆ ತಂದಾಗ ಕೇಜಿನ ತಳ ತಟ್ಟೆಯ ಹಾಗೆ ಬಗ್ಗಿತ್ತು. ಆರು ಜನರಲ್ಲಿ ನಿಂತವರು ಯಾರೂ ಇಲ್ಲ. ಒಬ್ಬನ ಹಿಮ್ಮಡಿಯ ಎಲುಬು ಬೂಟು ಹರಿದು ಹೊರಗೆ ಬಂದಿತ್ತು. ಭಾವನ ಮುಖ ನನ್ನ ಕಡೆಗಿತ್ತು, ಬಲಗಾಲಿನ ಪಾದ ಆಚೆ ಗೋಡೆಯ ಕಡೆಗಿತ್ತು.

ವೇಗ ಬರೆಯುವ ಪೆಟ್ಟಿಗೆಯೊಂದು ಕ್ಯಾಬಿನ್ನಿನಲ್ಲಿದೆ, ಚೌಕದ ಕಾಗದದ ಮೇಲೆ ಗೆರೆ ಎಳೆದು ಎರಡು ಪ್ರತಿ ಉಗುಳುತ್ತದೆ. ಒಂದನ್ನು ಮೊಹರು ಹಾಕಿ ಒಯ್ದರು. ಇನ್ನೊಂದು ನನ್ನ ಜೇಬಿನಲ್ಲಿದೆ. ಬೆಣೆ ಒಲೆಯಲ್ಲಿದೆ.

ಮಾರ್ಚ್ ೫, ಗುರುವಾರ

ಭಾವನ ಕಾಲು ತೆಗೆದರು. ಮೊಣಕಾಲಿನ ಮೇಲಿಂದ.

ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೊರಳಪಟ್ಟಿ ಹಿಡಿದಳು. ಎರಡು ಗುಂಡಿ ಕಿತ್ತು ಬಂದವು.

"ಲೋ, ಇಳ್ಸಿದ್ದು ನೀನೇ ತಾನೆ? ಹೇಳೋ! ನಿನ್ನ ಕೈಲೇ ತಾನೆ ಇಳ್ಸಿದ್ದು?"

"ಬ್ರೇಕು ಕಚ್ಲಿಲ್ಲ ಅಕ್ಕಾ."

ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ಬಾಯಿ ತೆರೆದಾಗ ನಾಲಗೆಯ ಮೇಲೆ ಕೂತಿತ್ತು, ಹೊರಗೆ ಬಂತು.

"ಬ್ರೇಕು ಯಾರ್ ನೋಡ್ಕೊಳ್ಳೋದು?"

"ಫಿಟ್ಟರು."

ಅಕ್ಕ ಕೊರಳಪಟ್ಟಿ ಬಿಟ್ಟಳು. ಬಿಟ್ಟಳಲ್ಲ ಎಂದು ನನಗೆ ಉಸಿರು ಬಂತು. ಅವಳ ಹಿಂದೆ ಕೊಕ್ಕರೆ ನಿಂತಿದ್ದ. ಅವನೂ ಉಸಿರು ಬಿಟ್ಟ. ಕ್ಯಾಬಿನ್ನಿನೊಳಗೆ ಅವನು ಕಾಲಿಡಬಾರದಿತ್ತು, ಅದು ಅವನಿಗೂ ಗೊತ್ತು.

ಮಾರ್ಚ್ ೭, ಶನಿವಾರ

ಇವತ್ತು ನಾನು ಮೇಷ್ಟ್ರಾದೆ.

ಮಧ್ಯಾಹ್ನ ಲ್ಯಾಂಪ್ ರೂಮಿನಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಕೆಲಸ ನಿಂತಿದೆ, ವಿಚಾರಣೆ ಅಧಿಕಾರಿ ಬರುವುದು ಹದಿನೇಳಕ್ಕೆ. ಇಂಜಿನಿಯರ್ ಸಾಹೇಬರು ಮೊದಲ ದಿನವೇ ಜ್ವರ ಎಂದು ಹೇಳಿ ಊರು ಬಿಟ್ಟಿದ್ದಾರೆ. ನಾನು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಲ್ಯಾಂಪು ಇಟ್ಟೆ.

ಗೆರೆಯ ರೂಪ ಹೀಗೆ: ಮೊದಲು ಒಂದಷ್ಟು ದೂರ ಮಟ್ಟಸ. ಆಮೇಲೆ ಇಳಿಜಾರು, ಚೆನ್ನಾಗಿ ಕೆಳಗೆ ಇಳಿಯುತ್ತದೆ. ಆಮೇಲೆ ತಿರುಗಿ ಮೇಲಕ್ಕೆ ಏರುತ್ತದೆ. ಕೊನೆಗೆ ಗೋಡೆಯ ಹಾಗೆ ನೆಟ್ಟಗೆ ನಿಂತುಬಿಡುತ್ತದೆ, ಅಲ್ಲಿಗೆ ಮುಗಿಯಿತು.

ಹೇಳಿದೆ, "ನೋಡ್ರಪ್ಪಾ. ಇದು ವೇಗದ ಗೆರೆ. ಇಲ್ಲಿ ಗೆರೆ ಇಳೀತಾ ಇದೆ. ಅಂದ್ರೆ ವೇಗ ಇಳೀತಾ ಇದೆ. ಯಾಕೆ ಇಳೀತು? ನಾನು ಬ್ರೇಕು ಹಿಡಿದೆ, ಅದಕ್ಕೆ. ಈಗ ಇಲ್ಲಿ ನೋಡಿ, ಗೆರೆ ಏರ್ತಾ ಇದೆ. ವೇಗ ಏರ್ತು. ಯಾಕೆ?"

ತಲೆಗಳೆಲ್ಲ ಕಾಗದದ ಮೇಲೆ ಬಾಗಿದವು.

"ಬ್ರೇಕು ಬಿಟ್ಟುಬಿಡ್ತು," ಎಂದ ಕೊಕ್ಕರೆ.

ಅವನಿಗೆ ನಾನು ಹೇಳಿಕೊಟ್ಟಿರಲಿಲ್ಲ, ಆಣೆ. ಹಾಗೆ ಹೇಳಿದಾಗ ಕೇಳಲು ಎಷ್ಟು ಸರಿಯಾಗಿತ್ತು ಎಂದರೆ ನಾನೂ ನಂಬಿದೆ. ಕಾಗದವೇ ಹೇಳುತ್ತಿದೆಯಲ್ಲ.

ಫಿಟ್ಟರ್ ವರ್ಕ್‌ಶಾಪಿನಲ್ಲಿ ಒಬ್ಬನೇ ಕೂತು ಸ್ಪ್ಯಾನರುಗಳನ್ನು ಒರೆಸುತ್ತಿದ್ದ. ಸಣ್ಣ ಆಳು, ಮಾತು ಕಡಿಮೆ, ಬ್ರೇಕಿನ ಪಟ್ಟಿಯನ್ನು ಹಸುವಿನ ಹಣೆ ಸವರಿದ ಹಾಗೆ ಸವರಿ ಹೋಗುವವನು. ನಾವು ನುಗ್ಗಿದಾಗ ಎದ್ದು ನಿಂತು, ಉಳಿದ ಯಾರನ್ನೂ ನೋಡದೆ ನನ್ನನ್ನೇ ನೋಡಿದ.

"ಅಣ್ಣಾ, ಬ್ರೇಕು ಕಚ್ತು. ನಿನ್ನ ಕೈಗೆ ಗೊತ್ತಿರತ್ತೆ."

ಮೊದಲ ಏಟು ನನ್ನದೇ. ಬಾಯಿಗೆ ಕೊಟ್ಟೆ. ಆಮೇಲೆ ಎಣಿಸಲು ಆಗಲಿಲ್ಲ. ಬಿದ್ದವನ ಪಕ್ಕೆಗೆ ಬೂಟುಗಳು ಹೋದವು. ಯಾರೋ ಅವನ ಬಲಗೈಯನ್ನು ಎಳೆದು ಬೆಂಚಿನ ಮೇಲೆ ಕಬ್ಬಿಣ ಬಿಗಿಹಿಡಿಯುವ ವೈಸಿನ ಬಾಯಿಗೆ ಇಟ್ಟು ತಿರುಗಿಸಿದರು. ಎರಡು ಬೆರಳು. ಒಣಗಿದ ಕಡ್ಡಿ ಮುರಿದಂತೆ ಎಂದು ಬರೆಯುವವರಿದ್ದಾರೆ, ಅವರು ಕೇಳಿಲ್ಲ. ಹಸಿ ಸದ್ದು ಅದು. ಅವನು ಕೂಗಿದಾಗ ವರ್ಕ್‌ಶಾಪಿನ ತಗಡು ಮಾಡು ಗುಂಯ್‌ಗುಟ್ಟಿತು.

ವೈಸು ತಿರುಗಿಸಿದವನು ಕೊಕ್ಕರೆ.

ಮಾರ್ಚ್ ೮, ಭಾನುವಾರ

ಕೈ ಊದಿದೆ. ಫಿಟ್ಟರನ ಹಲ್ಲು ತಾಗಿದ ಜಾಗ ಕೀವು ಕಟ್ಟುವ ಹಾಗಿದೆ. ಹನ್ನೊಂದು ಜನರನ್ನು ಮಲಗಿಸಿದಾಗ ಕೈಗೆ ಒಂದು ಗೀರೂ ಬಿದ್ದಿರಲಿಲ್ಲ.

ಒಂಬತ್ತು ಇದ್ದಿರಬಹುದು. ಗಲಾಟೆಯಲ್ಲಿ ಯಾರು ಎಣಿಸುತ್ತಾರೆ.

ಮಾರ್ಚ್ ೧೦, ಮಂಗಳವಾರ

ಅಧಿಕಾರಿಯ ಮುಂದೆ ದೊಡ್ಡ ಮಾತು ಆಡಬೇಕಲ್ಲ, ಅದಕ್ಕೆ ಪುಟ್ಟಿಯ ಹತ್ತಿರ ನಾಲ್ಕು ಪದ ಕಲಿಯೋಣ ಎಂದು ಹೋದೆ. ಅಕ್ಕ ಆಸ್ಪತ್ರೆಯಲ್ಲಿದ್ದಳು. ಪುಟ್ಟಿ ಹಿತ್ತಿಲಲ್ಲಿ ಅಪ್ಪನ ಗಣಿಯ ಅಂಗಿಯನ್ನು ಕಲ್ಲಿಗೆ ಬಡಿಯುತ್ತಿದ್ದಳು. ರಕ್ತದ ಕಲೆ ಹೋಗಿರಲಿಲ್ಲ. ಒಗೆಯುವ ಏಟಲ್ಲ ಅದು, ಯಾರನ್ನೋ ಹೊಡೆಯುವ ಏಟು.

"ಪುಟ್ಟೀ, ವೇಗ ಹೆಚ್ಚೋದಕ್ಕೆ ನಿಮ್ಮ ಪುಸ್ತಕದಲ್ಲಿ ಏನೋ ದೊಡ್ಡ ಹೆಸ್ರು ಇದೆಯಲ್ಲ?"

"ವೇಗೋತ್ಕರ್ಷ."

"ಅಬ್ಬಾ. ಹಲ್ಲಿನ ಸಂದಿಗೆ ಸಿಕ್ಕೊಳ್ತು."

ಅವಳು ನಗಲಿಲ್ಲ. ಕಾಗದ ತೋರಿಸಿದೆ. ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ತುಂಬ ಹೊತ್ತು ನೋಡಿದಳು.

"ಇದು ಅಪ್ಪಂದು," ಎಂದಳು.

"ಹೌದು ಮಗಾ. ನೋಡು, ಇಲ್ಲಿ ಗೆರೆ ಇಳೀತಾ ಇದೆ, ಅಂದ್ರೆ ನಾನು ಬ್ರೇಕು..."

"ಇಲ್ಲ ಮಾಮ. ಉಲ್ಟಾ."

"ಏನು ಉಲ್ಟಾ?"

"ಈ ದಪ್ಪ ಗೆರೆ ಸೊನ್ನೆ. ಅಂಚಲ್ಲಿ ಬಾಣ ಹಾಕಿದ್ದಾರೆ ನೋಡು. ಸೊನ್ನೆಗೆ ಮೇಲೆ ಇದ್ರೆ ಕೇಜು ಹತ್ತುತ್ತಾ ಇದೆ. ಕೆಳಗೆ ಇದ್ರೆ ಇಳೀತಾ ಇದೆ. ಇದೆಲ್ಲಾ ಸೊನ್ನೆಗೆ ಕೆಳಗಿದೆ."

ಇದ್ದರೇನಂತೆ ಎಂದೆ. ಅವಳು ನನ್ನನ್ನು ಅಂಗಳಕ್ಕೆ ಎಳೆದೊಯ್ದಳು. ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿ, ಹಿಂದೆ ಹಿಂದೆ ನಡಿ ಎಂದಳು. ನಡೆದೆ. ಜೋರಾಗಿ ಎಂದಳು. ಜೋರಾಗಿ ನಡೆದೆ. ಇನ್ನೂ ಜೋರು, ಇನ್ನೂ ಜೋರು ಎಂದು ಕೂಗಿದಳು. ಹಿಂದೆ ಇದ್ದ ಬಕೆಟ್ಟಿಗೆ ಸಿಕ್ಕಿ ಅಂಗಾತ ಬಿದ್ದೆ. ತಲೆ ಕಲ್ಲಿಗೆ ಬಡಿಯಿತು, ಕಣ್ಣಲ್ಲಿ ಮಿಂಚು.

ನಾನು ಬಿದ್ದಲ್ಲೇ ಪಕ್ಕದಲ್ಲಿ ಕೂತು ಪುಟ್ಟಿ ಮಣ್ಣಿನಲ್ಲಿ ಗೆರೆ ಎಳೆದಳು. "ಮುಂದಕ್ಕೆ ಬಂದ್ರೆ ಸೊನ್ನೆಗೆ ಮೇಲೆ, ಹಿಂದಕ್ಕೆ ಹೋದ್ರೆ ಕೆಳಗೆ. ಈಗ ನೀನು ಹಿಂದಕ್ಕೆ ಹೋದೆ, ಜೋರಾಗ್ತಾ ಹೋದೆ. ಗೆರೆ ಎಲ್ಲಿಗೆ ಹೋಯ್ತು?"

"ಕೆಳಕ್ಕೆ. ಇನ್ನೂ ಕೆಳಕ್ಕೆ."

"ಗೆರೆ ಇಳೀತಾ ಇದೆ ಅಂತ ನಿಧಾನ ಆದ್ಯಾ?"

ನಾನು ತಲೆ ಒತ್ತಿಕೊಂಡೆ.

"ಸೊನ್ನೆಯಿಂದ ಎಷ್ಟು ದೂರ ಅನ್ನೋದನ್ನ ನೋಡ್ಬೇಕು ಮಾಮ. ದೂರ ಹೋದ್ರೆ ಜೋರು. ಸೊನ್ನೆ ಹತ್ರಕ್ಕೆ ಬಂದ್ರೆ ನಿಧಾನ. ಗೆರೆ ಎಷ್ಟು ಕಡಿದಾಗಿದೆಯೋ ಅಷ್ಟು ವೇಗೋತ್ಕರ್ಷ. ಇಲ್ಲಿ ಇಳಿದಿರೋದು ಓಟ. ಇಲ್ಲಿ ಏರಿರೋದು, ಬ್ರೇಕು ಕಚ್ಚಿರೋದು."

"ಕಚ್ಚಿರೋದು?"

"ಎಷ್ಟು ಕಡಿದಾಗಿ ಏರಿದೆ ನೋಡು. ಚೆನ್ನಾಗಿ ಕಚ್ಚಿದೆ."

ಲ್ಯಾಂಪ್ ರೂಮಿನಲ್ಲಿ ನಾನು ಬೆರಳಿಟ್ಟು ತೋರಿಸಿದ್ದು ಅದೇ ಜಾಗವನ್ನು.

ಮಾರ್ಚ್ ೧೧, ಬುಧವಾರ

ಒಂದು ಹುಡುಗಿ ಹೇಳಿದ ಮಾತ್ರಕ್ಕೆ ಆಗಿಬಿಟ್ಟಿತೇ? ಕಾಲೇಜು ಸೇರಿ ಇನ್ನೂ ವರ್ಷವಾಗಿಲ್ಲ.

ಬ್ರೇಕು ಕಚ್ಚಿದ್ದರೆ ಕಚ್ಚಿಕೊಳ್ಳಲಿ. ನಾನು ಒಂದು ಸೆಕೆಂಡು ತಡವಾಗಿರಬಹುದು, ಹೆಚ್ಚೆಂದರೆ. ಮನುಷ್ಯ ತಾನೆ. ಕನ್ನಡಿಯಲ್ಲಿ ಮುಖ ನೋಡಿಕೊಂಡೇ ಈ ಮಾತು ಹೇಳಿಕೊಳ್ಳಲು ಹೋದೆ. ಕನ್ನಡಿಯನ್ನು ಗುದ್ದಿದೆ. ಊದಿದ ಕೈಯೇ ಮತ್ತೆ ಕೊಯ್ದುಕೊಂಡಿತು. ಗಾಜಿನ ಚೂರನ್ನು ಹಲ್ಲಿನಲ್ಲಿ ಕಚ್ಚಿ ತೆಗೆದೆ.

ಮಾರ್ಚ್ ೧೩, ಶುಕ್ರವಾರ

ಪುಟ್ಟಿಯೇ ಬಂದಳು. ನಾನು ಕರೆದಿರಲಿಲ್ಲ. ಮಣೆಯ ಮೇಲೆ ಕೂರದೆ ನಿಂತೇ ಮಾತಾಡಿದಳು. ಮಂಗಳವಾರವೇ ಕಾಗದದ ಗೆರೆಯನ್ನು ತನ್ನ ಇನ್ನೊಂದು ಪುಸ್ತಕಕ್ಕೆ ಇಳಿಸಿಕೊಂಡಿದ್ದಳಂತೆ.

"ಒಂದು ಚೌಕ ಒಂದು ಸೆಕೆಂಡು ಮಾಮ. ಮೊದಲು ಸೆಕೆಂಡಿಗೆ ಮೂರು ಮೀಟರಿನ ವೇಗದಲ್ಲಿ ಮಟ್ಟಸವಾಗಿದೆ. ಮಟ್ಟಸ ಅಂದ್ರೆ ನಿಂತಿದೆ ಅಂತ ಅಲ್ಲ, ಒಂದೇ ಸಮನೆ ಹೋಗ್ತಿದೆ. ಆಮೇಲೆ ಇಲ್ಲೊಂದು ಮೊಣಕೈ."

"ಮೊಣಕೈ?"

"ಗೆರೆ ಬಗ್ಗೋ ಜಾಗ. ಅಲ್ಲಿಂದ ಮೂರು, ಐದು, ಏಳು, ಒಂಬತ್ತು, ಹನ್ನೊಂದು, ಹದಿಮೂರು. ಸೆಕೆಂಡಿಗೆ ಎರಡೆರಡು. ಆಮೇಲೆ ಇನ್ನೊಂದು ಮೊಣಕೈ. ಅಲ್ಲಿಂದ ಹದಿಮೂರು, ಹತ್ತು, ಏಳು. ಏಳರಲ್ಲಿ ತಳ ಬಂತು."

ಅವಳು ಹೇಳುತ್ತಿದ್ದದ್ದು ಮಗ್ಗಿಯ ಹಾಗಿತ್ತು. ಧ್ವನಿ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು.

"ಮೊದಲನೇ ಮೊಣಕೈಲಿ ಏನೋ ಬಿಟ್ಟಿದೆ ಮಾಮ. ಎರಡನೇದರಲ್ಲಿ ಯಾರೋ ಹಿಡಿದಿದ್ದಾರೆ. ನಡುವೆ ಐದು ಚೌಕ ಯಾರೂ ಇಲ್ಲ."

"ಪೆಟ್ಟಿಗೆ ಕೆಟ್ಟಿರತ್ತೆ. ಹಳೇ ಪೆಟ್ಟಿಗೆ ಅದು."

"ಕೆಟ್ಟಿದ್ರೆ ಗೆರೆ ಇಷ್ಟು ನೆಟ್ಟಗೆ ಬರಲ್ಲ. ಒಂದೇ ಸೆಕೆಂಡಿಗೆ ಹಿಡಿದಿದ್ರೆ ನಾಲ್ಕು ಮೀಟರು ಹೋಗಿ ನಿಲ್ತಿತ್ತು. ನಾಲ್ಕೇ ಮೀಟರು, ಲೆಕ್ಕ ಹಾಕ್ದೆ. ಕೆಳಗಿನ್ನೂ ಐವತ್ತು ಮೀಟರಿಗಿಂತ ಹೆಚ್ಚು ಜಾಗ ಇತ್ತು. ಅಪ್ಪ ನಡ್ಕೊಂಡು ಮನೆಗೆ ಬರ್ತಿದ್ರು. ಆ ಐದು ಚೌಕದಲ್ಲಿ ನೀನು ಎಲ್ಲಿದ್ದೆ?"

ನನ್ನ ಕೈ ತಾನಾಗಿ ಎದ್ದಿತು. ಕೆನ್ನೆಗೆ ಬಿತ್ತು. ಪುಸ್ತಕ ಹಾರಿ ಒಲೆಯ ಹತ್ತಿರ ಬಿತ್ತು. ಅವಳ ತುಟಿ ಒಡೆದು ರಕ್ತ ಗಲ್ಲಕ್ಕೆ ಇಳಿಯಿತು. ಒರೆಸಿಕೊಳ್ಳಲಿಲ್ಲ. ಪುಸ್ತಕ ಎತ್ತಿಕೊಂಡು, ಬೂದಿ ಕೊಡವಿ, ಹೊಸಿಲಲ್ಲಿ ನಿಂತು ಹೇಳಿದಳು:

"ಈ ಏಟಿಗೆ ಒಂದು ಸೆಕೆಂಡೂ ತಡ ಆಗ್ಲಿಲ್ಲ ನೋಡು ಮಾಮ."

ಹೋದಳು. ಎರಡು ವರ್ಷದ ಮಗುವಾಗಿದ್ದಾಗ ಇದೇ ಕೈಯ ಮೇಲೆ ನಿಲ್ಲಿಸಿಕೊಂಡು ಆಡಿಸುತ್ತಿದ್ದೆ. ಬಿದ್ದೇನು ಎಂಬ ಭಯ ಅವಳಿಗೆ ಇರುತ್ತಲೇ ಇರಲಿಲ್ಲ.

ಹೊಡೆದದ್ದು ಮೆಲ್ಲಗೆ. ಹೆಂಗಸರ ತುಟಿ ಬೇಗ ಒಡೆಯುತ್ತದೆ.

ಮೇಲಿನ ಸಾಲು ಹೊಡೆದು ಹಾಕಲು ಹೋದೆ, ಪೆನ್ನು ಕಾಗದ ಹರಿಯಿತು. ಇರಲಿ ಬಿಡು.

ಮಾರ್ಚ್ ೧೪, ಶನಿವಾರ

ಹಾಡುಗಾರ ಹೋದ. ಆ ಆರು ಜನರಲ್ಲಿ ಒಬ್ಬ. ಕೇಜು ಇಳಿಯುವಾಗ ಹಾಡುತ್ತಿದ್ದವನು, ಅವನ ಧ್ವನಿ ಎಷ್ಟು ದೂರಕ್ಕೆ ಕೇಳುತ್ತದೆ ಎನ್ನುವುದರಲ್ಲೇ ನಾನು ಆಳ ಅಳೆಯುತ್ತಿದ್ದೆ. ಬೆನ್ನುಮೂಳೆ ಮುರಿದಿತ್ತು, ಹನ್ನೊಂದು ದಿನ ನೀರು ಕೇಳಿದ. ಕೊನೆಗೆ ಕೇಳುವುದನ್ನೂ ಬಿಟ್ಟ.

ಅವನ ತಮ್ಮ ಆಸ್ಪತ್ರೆಯ ಬಾಗಿಲಿನ ಗಾಜನ್ನು ತಲೆಯಿಂದಲೇ ಒಡೆದ. ಹಣೆಯಿಂದ ರಕ್ತ ಸುರಿಯುತ್ತಿದ್ದ ಹಾಗೆಯೇ ನನ್ನನ್ನು ತಬ್ಬಿಕೊಂಡು ಅತ್ತ. "ಅಣ್ಣಾ, ನೀನಾದ್ರೂ ಬ್ರೇಕು ಹಿಡಿದ್ಯಲ್ಲ. ನಿನ್ನಿಂದ ಐದು ಜನ ಉಳಿದ್ರು." ನನ್ನ ಅಂಗಿಯ ತುಂಬ ಅವನ ರಕ್ತ.

ಫಿಟ್ಟರನ್ನು ಕೆಲಸದಿಂದ ತೆಗೆದಿದ್ದಾರೆ, ನಾಳೆ ಬೆಳಿಗ್ಗೆ ತನ್ನ ಸಾಮಾನು ಒಯ್ಯಲು ಬರುತ್ತಾನಂತೆ. "ಬರ್ಲಿ," ಎಂದ ತಮ್ಮ. "ಅಣ್ಣ ಹೋದ ದಾರೀಲೇ ಅವ್ನೂ ಹೋಗ್ಲಿ. ಕೇಜಿಲ್ಲದೆ." ಕೊಕ್ಕರೆ ತಲೆಯಾಡಿಸಿದ.

ಅಂಗಿಯ ರಕ್ತ ತೊಳೆಯುವ ನೆಪದಲ್ಲಿ ನಾನು ನಲ್ಲಿಯ ಕಡೆ ಹೋದೆ. ಎರಡು ಸೆಕೆಂಡು ಆಗಿರಬಹುದು. ಎರಡು.

ಮಾರ್ಚ್ ೧೬, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಮೊದಲನೇ ಕ್ಲಾಸಿನ ಮಗುವಿನದರ ಹಾಗಿದೆ. ಮೇಷ್ಟ್ರು ನೋಡಿದ್ದರೆ ನಾಲ್ಕನೇ ಸಲ ಏಳಕ್ಕೆ ಕೂರಿಸುತ್ತಿದ್ದರು.

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಫಿಟ್ಟರ್ ಬಂದ. ಕೈಗೆ ಪಟ್ಟಿ, ಕಂಕುಳಲ್ಲಿ ಖಾಲಿ ಚೀಲ. ಗೇಟಿನಲ್ಲೇ ಹಿಡಿದರು. ಕೂದಲು ಹಿಡಿದು ಬಾವಿಯ ಬಾಯಿಯವರೆಗೆ ಜಲ್ಲಿಯ ಮೇಲೆ ಎಳೆದರು. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಬಾವಿಯ ಕಟಕಟೆಯ ಬಾಗಿಲನ್ನು ಯಾರೋ ಸಲಾಕೆಯಿಂದ ಮೀಟಿ ತೆಗೆದರು. ಹಾಡುಗಾರನ ತಮ್ಮ ಅವನ ಕತ್ತು ಹಿಡಿದು ಅಂಚಿಗೆ ಬಗ್ಗಿಸಿದ. ಒಳಗಿನ ತಂಪು ಗಾಳಿಗೆ ಫಿಟ್ಟರನ ಕೂದಲು ಹಾರುತ್ತಿತ್ತು. ಕಾಲಡಿಯ ಒಂದು ಕಲ್ಲು ಜಾರಿ ಒಳಗೆ ಬಿತ್ತು. ಎಲ್ಲರೂ ಕಿವಿಗೊಟ್ಟೆವು. ತುಂಬ ಹೊತ್ತಿನ ಮೇಲೆ ಸದ್ದು ಬಂತು.

ಆ ಹೊತ್ತನ್ನು ನಾನು ಎಣಿಸಿದೆ. ಯಾಕೆ ಎಣಿಸಿದೆನೋ. ನಾಲ್ಕಕ್ಕೆ ಬಂದಿದ್ದಾಗ ನನ್ನ ಬಾಯಿ ತೆರೆಯಿತು.

"ನಿಲ್ರೋ! ನಾನು ಓದಿದ್ದು ತಪ್ಪು!"

ಯಾರಿಗೂ ಅರ್ಥವಾಗಲಿಲ್ಲ. ಕೇಜಿನ ಲೆಕ್ಕ ಬರೆಯುವ ಸೀಮೆಸುಣ್ಣ ಕ್ಯಾಬಿನ್ನಿನ ಕಿಟಕಿಯಲ್ಲಿತ್ತು. ಎತ್ತಿಕೊಂಡು ಕಬ್ಬಿಣದ ಬಾಗಿಲ ಮೇಲೆ ಆ ಗೆರೆಯನ್ನು ಎಳೆದೆ. ಸೊನ್ನೆ ಎಳೆದೆ. ಮಟ್ಟಸ, ಮೊಣಕೈ, ಇಳಿತ, ಮೊಣಕೈ, ಏರು, ಗೋಡೆ. ಪುಟ್ಟಿ ಹೇಳಿದ್ದನ್ನೆಲ್ಲ ಹೇಳಿದೆ, ಅಂಗಳದಲ್ಲಿ ನನ್ನನ್ನು ನಡೆಸಿದ್ದನ್ನೂ ಹೇಳಿದೆ. ಅಲ್ಲೇ ಹಿಂದೆ ಹಿಂದೆ ನಡೆದೂ ತೋರಿಸಿದೆ, ಬಾವಿಯ ಅಂಚಿನವರೆಗೆ. ಯಾವನಾದರೂ ನನ್ನನ್ನು ತಳ್ಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಏರಿದ್ದು ಬ್ರೇಕು ಕಚ್ಚಿದ್ದಕ್ಕೆ. ಫಿಟ್ಟರು ಮಾಡಿದ ಬ್ರೇಕು ಕಚ್ತು. ಹದಿಮೂರರಿಂದ ಏಳಕ್ಕೆ ತಂತು, ಎರಡೇ ಸೆಕೆಂಡಲ್ಲಿ. ಅದಕ್ಕೇ ಐದು ಜನ ಉಳಿದಿರೋದು. ನನ್ನಿಂದ ಅಲ್ಲ."

"ಹಂಗಾದ್ರೆ ನೀನು?" ಎಂದ ಹಾಡುಗಾರನ ತಮ್ಮ. ಕೈ ಇನ್ನೂ ಫಿಟ್ಟರನ ಕತ್ತಿನ ಮೇಲೇ ಇತ್ತು.

"ನಾನು ಬೆಣೆ ಹಾಕಿದ್ದೆ. ಬೆಣೆ ಹಾರ್ತು. ತಡವಾಗಿ ಹಿಡಿದೆ."

"ಎಷ್ಟು ತಡ?"

"ಎರಡು ಸೆಕೆಂಡು."

ಅಷ್ಟು ಜನರ ಮುಂದೆ, ಬಾವಿಯ ಬಾಯಲ್ಲಿ ನಿಂತು, ಗೆರೆಯನ್ನು ನನ್ನ ಕೈಯಾರೆ ಬರೆದು, ಆಗಲೂ ಎರಡು ಎಂದೆ. ಅವರಿಗೆ ಚೌಕ ಎಣಿಸಲು ಬರುತ್ತಿರಲಿಲ್ಲ. ಬಾಗಿಲ ಮೇಲೆ ಚೌಕವೂ ಇರಲಿಲ್ಲ.

ಮೊದಲ ಏಟು ಕೊಕ್ಕರೆಯದು. ಎಲ್ಲರಿಗಿಂತ ಅವನಿಗೇ ಆತುರ, ನಾನು ಇನ್ನೊಂದು ಮಾತು ಆಡುವ ಮುಂಚೆ ಬಾಯಿ ಮುಚ್ಚಿಸಬೇಕಿತ್ತು. ಎರಡು ಹಲ್ಲು ನುಂಗಿದೆ. ಆಮೇಲೆ ಎಷ್ಟು ಜನ ಗೊತ್ತಿಲ್ಲ. ಹನ್ನೊಂದು ಇರಲಿಕ್ಕಿಲ್ಲ. ನಾನು ಒಬ್ಬನನ್ನೂ ಮಲಗಿಸಲಿಲ್ಲ. ಮಲಗಿದವನು ನಾನೇ. ಹಾಡುಗಾರನ ತಮ್ಮ ನನ್ನ ಬಲಗೈಯನ್ನು ಹಳಿಯ ಮೇಲೆ ಇಟ್ಟು, ಬಾಗಿಲು ಮೀಟಿದ ಸಲಾಕೆ ಎತ್ತಿ ಮೊಣಕೈಗೆ ಇಳಿಸಿದ. ಒಂದೇ ಏಟು. ಹಸಿ ಸದ್ದು. ಮೊದಲೇ ಕೇಳಿದ್ದೆನಾದ್ದರಿಂದ ಗುರುತು ಸಿಕ್ಕಿತು.

ಇನ್ನೊಂದು ಏಟಿಗೆ ಸಲಾಕೆ ಮೇಲೆದ್ದಿತ್ತು. ಅಡ್ಡ ಬಂದು ನನ್ನ ಮೇಲೆ ಬಿದ್ದವನು ಫಿಟ್ಟರ್. ಪಟ್ಟಿ ಕಟ್ಟಿದ ಕೈಯನ್ನು ನನ್ನ ತಲೆಯ ಮೇಲೆ ಹಿಡಿದಿದ್ದ.

"ಸಾಕು ಬಿಡ್ರಪ್ಪಾ," ಎಂದ. "ಸಾಕು."

ಗ್ರೀಸಿನ ವಾಸನೆಯನ್ನು ನಾನು ಯಾವತ್ತೂ ಅಷ್ಟು ಹತ್ತಿರದಿಂದ ಮೂಸಿರಲಿಲ್ಲ.

ಮಾರ್ಚ್ ೧೯, ಗುರುವಾರ

ನನ್ನನ್ನು ಮಲಗಿಸಿರುವುದು ಭಾವನ ಪಕ್ಕದ ಮಂಚದಲ್ಲಿ. ಬೇರೆ ಜಾಗ ಇರಲಿಲ್ಲ ಎನ್ನುತ್ತಾರೆ. ಭಾವ ಗೋಡೆಯ ಕಡೆಗೆ ಮುಖ ಮಾಡಿಕೊಂಡಿದ್ದಾರೆ. ಅಕ್ಕ ಅವರಿಗೆ ಗಂಜಿ ಕುಡಿಸಿ, ಲೋಟ ತೊಳೆದು, ನನ್ನ ಮಂಚ ದಾಟಿಕೊಂಡು ಹೋಗುತ್ತಾಳೆ, ಅಲ್ಲಿ ಮಂಚವೇ ಇಲ್ಲ ಎನ್ನುವ ಹಾಗೆ. ಮೊಣಕೈ ಇನ್ನು ಮಡಚುವುದಿಲ್ಲವಂತೆ. ಬ್ರೇಕಿನ ಹಿಡಿ ಇನ್ನು ಈ ಕೈಗೆ ಸಿಗುವುದಿಲ್ಲ.

ಅಧಿಕಾರಿ ಹದಿನೇಳಕ್ಕೆ ಬಂದರು. ಇಲ್ಲಿಗೇ ಬಂದು, ಹುಷಾರಾದ ಮೇಲೆ ಹೇಳಿಕೆ ಬರೆದುಕೊಳ್ಳುತ್ತೇನೆ, ಶುಕ್ರವಾರ ಬೆಳಿಗ್ಗೆ ಬರುತ್ತೇನೆ ಎಂದು ಹೋದರು. ಫಿಟ್ಟರನ್ನು ಕೆಲಸದಿಂದ ತೆಗೆದ ಕಾಗದ ಇನ್ನೂ ಬೋರ್ಡಿನ ಮೇಲಿದೆಯಂತೆ. ನಾನು ಏನು ಹೇಳುತ್ತೇನೆ ಎನ್ನುವುದರ ಮೇಲೆ ಅದು ಇಳಿಯಬೇಕು, ಇಲ್ಲವೇ ಉಳಿಯಬೇಕು.

ಇವತ್ತು ಮಧ್ಯಾಹ್ನ ಪುಟ್ಟಿ ಬಂದಳು. ತುಟಿಯ ಗಾಯ ಹಕ್ಕಳೆ ಕಟ್ಟಿದೆ. ಅಪ್ಪನ ಹೊದಿಕೆ ಸರಿಮಾಡಿ, ನನ್ನ ಮಂಚದ ಹತ್ತಿರ ಬಂದು ನಿಂತಳು. ಅಕ್ಕನ ಹಾಗೆ ದಾಟಿ ಹೋಗಲಿಲ್ಲ.

"ಮಾಮ, ಎರಡು ಅಂದ್ಯಂತೆ."

ನಾನು ಚಾವಣಿ ನೋಡಿದೆ.

"ಆ ಹೊತ್ತಲ್ಲಿ ಏನ್ ಮಾಡ್ತಿದ್ದೆ? ನಿದ್ದೆ ಮಾಡ್ತಿದ್ಯಾ?"

"ಇಲ್ಲ."

"ಡ್ರಮ್ಮಿನ ಸದ್ದು ಕೇಳಿಸ್ಲಿಲ್ವಾ?"

ಕೇಳಿಸಿತ್ತು. ಇದನ್ನು ಎಲ್ಲೂ ಬರೆದಿಲ್ಲ, ಈ ಪುಸ್ತಕದಲ್ಲೂ ಬರೆದಿಲ್ಲ. ಬೆಣೆ ಹಾರಿದ್ದು ಕಂಡಿತ್ತು. ಡ್ರಮ್ಮಿನ ಧ್ವನಿ ಬದಲಾದದ್ದು ಬೆನ್ನಿಗೇ ತಾಗಿತ್ತು. ಇಪ್ಪತ್ತೆರಡು ವರ್ಷದ ಬೆನ್ನು ಇದು. ಆದರೆ ಕೊಕ್ಕರೆ ಬಾಯಿ ತೆರೆದುಕೊಂಡು ಕೂತಿದ್ದ, ಕಥೆ ಸರಿಯಾಗಿ ತುದಿಗೆ ಬಂದಿತ್ತು. ಈ ಒಂದು ಮಾತು ಮುಗಿಸಿ ಹಿಡಿಯುತ್ತೇನೆ ಎಂದುಕೊಂಡೆ. ನನ್ನ ಕೈ ತಾನೆ, ಹಿಡಿದರೆ ನಿಲ್ಲುತ್ತದೆ.

ಪುಟ್ಟಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆ. ಆ ಹನ್ನೊಂದು ಜನವೂ ಇರಲಿಲ್ಲ, ಒಬ್ಬ ಕುಡುಕ ಇದ್ದ, ಅವನು ನನ್ನನ್ನು ಕಂಡು ಹೆದರಿ ಅಲ್ಲ, ಬಾಳೆಸಿಪ್ಪೆ ಮೆಟ್ಟಿ ಬಿದ್ದ, ಟೀ ಪೂರ್ತಿ ನನ್ನ ಅಂಗಿಯ ಮೇಲೆ ಚೆಲ್ಲಿತ್ತು ಎನ್ನುವುದನ್ನೂ ಹೇಳಿದೆ. ಗೋಡೆಯ ಕಡೆಗಿದ್ದ ಭಾವನ ಬೆನ್ನು ಕೇಳುತ್ತಿತ್ತು.

ಅವಳು ಕೈಗಡಿಯಾರ ಬಿಚ್ಚಿ ನನ್ನ ಎದೆಯ ಮೇಲೆ ಇಟ್ಟಳು. ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಕಾದಳು.

"ಆ ಮಾತು ಹೇಳು. ಕೊಕ್ಕರೆಗೆ ಹೇಳಿದ ಹಾಗೇ ಹೇಳು."

ಹೇಳಿದೆ. ಹಲ್ಲು ಮುರಿದ ಬಾಯಿಯಲ್ಲಿ, ಅಷ್ಟೇ ಓಟದಲ್ಲಿ. ಹನ್ನೊಂದು ಜನ ಬಂದ್ರು, ಹನ್ನೊಂದು ಜನಾನೂ ಒಂದೇ ಕೈಲಿ ಮಲಗಿಸ್ದೆ, ಇನ್ನೊಂದ್ ಕೈಲಿದ್ದ ಲೋಟದಿಂದ ಒಂದು ಹನಿ ಟೀ ಚೆಲ್ಲಲಿಲ್ಲ.

ಪುಟ್ಟಿ ಗಡಿಯಾರವನ್ನು ನನ್ನ ಮುಖಕ್ಕೆ ತಿರುಗಿಸಿ ಹಿಡಿದಳು. ಮುಳ್ಳು ಒಂದರ ಮೇಲಿತ್ತು. ಭಾವ ಗೋಡೆಯ ಕಡೆಯಿಂದ ಈ ಕಡೆ ಹೊರಳಿ, ನನ್ನನ್ನು ನೋಡಿದರು. ಮೂರನೇ ತಾರೀಕಿನ ನಂತರ ಮೊದಲ ಸಲ.

ನಾಳೆ ಅಧಿಕಾರಿಗೆ ಹೇಳಬೇಕಾದ್ದನ್ನು ಚೌಕದ ಪುಟದಲ್ಲೇ ಬರೆದಿಡುತ್ತಿದ್ದೇನೆ, ಒಂದು ಚೌಕಕ್ಕೆ ಒಂದು ಅಕ್ಷರ, ನಾಳೆ ಬಾಯಿ ಬೇರೆ ಮಾತು ತಾರದಿರಲಿ ಎಂದು. ಅರ್ಧ ಅಂದದ್ದು ಸುಳ್ಳು. ಒಂದು ಅಂದದ್ದು ಸುಳ್ಳು. ಎರಡು ಅಂದದ್ದೂ ಸುಳ್ಳು. ಬ್ರೇಕು ಸರಿ ಇತ್ತು. ನಾನು ಕಳೆದದ್ದು ಐದು ಸೆಕೆಂಡು.